ಮನೆಯ ಲ್ಯಾಪ್‌ಟಾಪ್‌ನಲ್ಲೇ ಕುಬರ್ನೆಟಿಸ್: ಕಲಬುರಗಿಯಲ್ಲಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷ ಬೆಂಗಳೂರಿನಲ್ಲಿ ಸರ್ವರ್ ಕೆಲಸ ಮಾಡಿ ಊರಿಗೆ ಬಂದವನು ನಾನು. ಸೇಡಂ ರಸ್ತೆಯ ನಮ್ಮ ಮನೆಯ ಮಹಡಿಯಲ್ಲಿ ಸಂಜೆ ಹೊತ್ತು ಐದಾರು ಮಂದಿ ಹುಡುಗ ಹುಡುಗಿಯರು ಕುಬರ್ನೆಟಿಸ್ ಕಲಿಯಲು ಕೂಡುತ್ತಾರೆ. ಅಪ್ಲಿಕೇಶನ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸಿ ನೋಡಿಕೊಳ್ಳುವ ತಂತ್ರಾಂಶ ಅದು. ಆಳಂದ, ಜೇವರ್ಗಿ, ಶಹಾಪುರದಿಂದ ಫೋನಿನಲ್ಲಿ ಕೇಳುವವರೂ ಇದ್ದಾರೆ. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಅದೇ ಕಲ್ಲುಗಳಿಗೆ, ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು.

ಅಣ್ಣಾ, ನಂಗ ಡಾಕರ್ ಬರ್ತದ. ಮತ್ತ ಈ ಕುಬರ್ನೆಟಿಸ್ ಯಾಕ ಬೇಕು?

ತೊಗರಿ ಸೀಸನ್‌ನಲ್ಲಿ ನೆಹರೂ ಗಂಜ್‌ಗೆ ಹೋಗಿ ಒಂದು ಅಡತ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಸಾಹುಕಾರರು "ಈ ಲಾರಿಗೆ ಆರು ಮಂದಿ ಹಮಾಲರು ಬೇಕು" ಅಂತಷ್ಟೇ ಹೇಳಿ ಗಾದಿಯ ಮೇಲೆ ಕೂಡುತ್ತಾರೆ. ಯಾರು ಬರಬೇಕು, ಯಾವ ಲಾರಿಗೆ ಹೋಗಬೇಕು, ಒಬ್ಬನಿಗೆ ಸೊಂಟ ಹಿಡಿದರೆ ಅವನ ಜಾಗಕ್ಕೆ ಯಾರು, ಇದೆಲ್ಲ ಮುಕಾದಮನ ಜವಾಬ್ದಾರಿ. ಅವನು ತಲೆ ಎಣಿಸುತ್ತಲೇ ಇರುತ್ತಾನೆ. ಐದಾದರೆ ಒಬ್ಬನನ್ನು ಕರೆಯುತ್ತಾನೆ, ಏಳಾದರೆ ಒಬ್ಬನನ್ನು ಕಳಿಸುತ್ತಾನೆ.

ಕುಬರ್ನೆಟಿಸ್ ಮಾಡುವುದು ಇದನ್ನೇ. ಡಾಕರ್ ಒಂದು ಅಪ್ಲಿಕೇಶನ್ನನ್ನು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಇಮೇಜ್ ಎಂಬ ಗಂಟಾಗಿ ಕಟ್ಟುತ್ತದೆ, ಆ ಇಮೇಜ್ ಓಡುತ್ತಿರುವಾಗ ಅದು ಕಂಟೇನರ್. "ಈ ಕಂಟೇನರ್‌ನ ಆರು ನಕಲು ಇರಬೇಕು" ಎಂದು ನೀವು ಯಾಮಲ್ ಎಂಬ ಬಗೆಯ ಪಠ್ಯ ಕಡತದಲ್ಲಿ ಬರೆದುಕೊಡುತ್ತೀರಿ. ಎಪಿಐ ಸರ್ವರ್ ಅದನ್ನು ತೆಗೆದುಕೊಂಡು ಎಟಿಸಿಡಿ ಎಂಬ ಖಾತೆ ಪುಸ್ತಕದಲ್ಲಿ ಇಡುತ್ತದೆ. ಕಂಟ್ರೋಲರ್ ಎಣಿಸುತ್ತದೆ. ಶೆಡ್ಯೂಲರ್ ಯಾವ ಯಂತ್ರದಲ್ಲಿ ಓಡಬೇಕೆಂದು ತೀರ್ಮಾನಿಸುತ್ತದೆ. ಆಯಾ ಯಂತ್ರದಲ್ಲಿರುವ ಕ್ಯೂಬ್‌ಲೆಟ್ ಕಂಟೇನರ್ ಎಬ್ಬಿಸುತ್ತದೆ. ಇಂಥ ಒಂದೊಂದು ಯಂತ್ರಕ್ಕೆ ನೋಡ್ ಎಂದೂ, ಎಲ್ಲ ಸೇರಿದ ಗುಂಪಿಗೆ ಕ್ಲಸ್ಟರ್ ಎಂದೂ ಹೆಸರು. ಬರಿ ಡಾಕರ್‌ನಲ್ಲಿ ಎಣಿಸುವ ಕೆಲಸ ನಿಮ್ಮ ಪಾಲಿಗಿತ್ತು, ಇಲ್ಲಿ ಅದು ನಿಮ್ಮ ಕೈಬಿಟ್ಟು ಹೋಗುತ್ತದೆ.

ಈ ಹೋಲಿಕೆಯನ್ನು ತುಂಬ ದೂರ ಎಳೆಯಬೇಡಿ. ಇಲ್ಲಿ ಕಂಟೇನರ್ ಓಡುವುದು ಪಾಡ್ ಎಂಬ ಹೊದಿಕೆಯೊಳಗೆ. ಬದಲಿಗೆ ಬಂದ ಪಾಡ್‌ಗೆ ಹೆಸರೂ ಹೊಸದು, ಐಪಿ ವಿಳಾಸವೂ ಹೊಸದು. ಹಳೆಯದರ ಒಳಗೆ ಬರೆದಿಟ್ಟ ಕಡತ ಅದರ ಜೊತೆಗೇ ಹೋಗಿರುತ್ತದೆ. ಪಾಡ್ ಬದಲಾದರೂ ವಿಳಾಸ ಬದಲಾಗದಂತೆ ಇರಲಿ ಎಂದೇ ಸರ್ವಿಸ್ ಎಂಬುದು ಇದೆ, ದತ್ತಾಂಶ ಉಳಿಯಲಿ ಎಂದೇ ವಾಲ್ಯೂಮ್ ಇದೆ. ಈ ಎರಡು "ಯಾಕೆ"ಗಳು ತಿಳಿದರೆ ಅರ್ಧ ಕುಬರ್ನೆಟಿಸ್ ತಿಳಿದ ಹಾಗೆ.

ಗೂಗಲ್ 2014ರಲ್ಲಿ ಇದನ್ನು ಹೊರಗೆ ತಂದಿತು, 2015ರ ಜುಲೈನಲ್ಲಿ 1.0 ಆವೃತ್ತಿ ಬಂತು. ಹೆಸರು ಗ್ರೀಕ್ ಭಾಷೆಯದು, ಹಡಗಿನ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ಇಂಗ್ಲಿಷಿನ ಹೆಸರಿನಲ್ಲಿ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ ಎಂಟು ಅಕ್ಷರ ಇರುವುದರಿಂದ ಚಿಕ್ಕದಾಗಿ "ಕೆ8ಎಸ್" ಎನ್ನುತ್ತಾರೆ.

ನಂದು 8 ಜಿಬಿ ಲ್ಯಾಪ್‌ಟಾಪ್ ಅದ್ರಿ. ಸಾಕಾಗ್ತದೇನ್ರಿ, ಇಲ್ಲಾ ಹೊಸಾದು ತಗೋಬೇಕಾ?

ಸಾಕು. ದಯವಿಟ್ಟು ಇದಕ್ಕಾಗಿ ಸಾಲ ಮಾಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ. ಈ ಪ್ರಶ್ನೆ ಕೇಳಿಯೇ ಒಂದು ವರ್ಷ ಸುಮ್ಮನೆ ಕೂತ ಹುಡುಗರನ್ನು ನೋಡಿದ್ದೇನೆ, ಆ ವರ್ಷ ಹೋಯಿತಲ್ಲ ಎಂದು ನನಗೇ ಸಂಕಟವಾಗುತ್ತದೆ.

ಒಂದೇ ಯಂತ್ರದಲ್ಲಿ ಸಣ್ಣ ಕ್ಲಸ್ಟರ್ ಎಬ್ಬಿಸುವ ಮಿನಿಕ್ಯೂಬ್ ಎಂಬ ಸಾಧನ ಕೇಳುವುದು 2 ಸಿಪಿಯು, ಖಾಲಿ ಇರುವ 2 ಜಿಬಿ ಮೆಮೊರಿ ಮತ್ತು 20 ಜಿಬಿ ಡಿಸ್ಕ್ ಜಾಗ. "ಖಾಲಿ ಇರುವ" ಎಂಬ ಮಾತು ಇಲ್ಲಿ ಮುಖ್ಯ. 8 ಜಿಬಿಯಲ್ಲಿ ವಿಂಡೋಸ್ ಮತ್ತು ಬ್ರೌಸರ್‌ನ ಇಪ್ಪತ್ತು ಟ್ಯಾಬ್ ಸೇರಿ 6 ಜಿಬಿ ತಿಂದಿರುತ್ತವೆ. ಟ್ಯಾಬ್ ಮುಚ್ಚಿ ಕೂತರೆ ಕೆಲಸ ಆರಾಮಾಗಿ ನಡೆಯುತ್ತದೆ.

ಮೆಮೊರಿಗಿಂತ ಹೆಚ್ಚಾಗಿ ಕಾಡುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕ್, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎಟಿಸಿಡಿ ಪ್ರತಿ ಸಣ್ಣ ಬದಲಾವಣೆಯನ್ನೂ ಡಿಸ್ಕ್‌ಗೆ ಬರೆದು, ಬರೆದದ್ದು ಖಾತ್ರಿಯಾದ ಮೇಲೆಯೇ ಮುಂದೆ ಹೋಗುತ್ತದೆ. ಡಿಸ್ಕ್ ನಿಧಾನವಾದರೆ ಉಳಿದ ಭಾಗಗಳು ಉತ್ತರಕ್ಕೆ ಕಾದು ಕಾದು ಬಿದ್ದು ಮತ್ತೆ ಏಳುತ್ತವೆ, ಕ್ಲಸ್ಟರ್‌ಗೆ ಜ್ವರ ಬಂದಂತೆ ಕಾಣುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಆಮೇಲೆ.

4 ಜಿಬಿ ಇದ್ದವರಿಗೂ ದಾರಿ ಇದೆ, ಅದನ್ನು ಹಳೆಯ ಲ್ಯಾಬ್ ಯಂತ್ರಗಳ ಪ್ರಶ್ನೆಯಲ್ಲಿ ನೋಡಿ.

ಮಿನಿಕ್ಯೂಬ್, ಕೈಂಡ್, ಕೆ3ಎಸ್ ಅಂತ ಮೂರ್ ಹೆಸರ್ ಹೇಳ್ತಾರ. ಯಾವುದು ಹಿಡೀಲಿ?

ಮೊದಲ ಎರಡು ವಾರ ಮಿನಿಕ್ಯೂಬ್. ಡ್ಯಾಶ್‌ಬೋರ್ಡ್, ಇಂಗ್ರೆಸ್ (ಹೊರಗಿನ ವೆಬ್ ಕೋರಿಕೆಗಳನ್ನು ಒಳಗೆ ಬಿಡುವ ಬಾಗಿಲು), ಮೆಟ್ರಿಕ್ಸ್ ಸರ್ವರ್ (ಸಿಪಿಯು, ಮೆಮೊರಿ ಬಳಕೆಯ ಲೆಕ್ಕ) ಎಲ್ಲ ಒಂದೊಂದು ಕಮಾಂಡ್‌ಗೆ ಸೇರಿಕೊಳ್ಳುತ್ತವೆ, ತಪ್ಪಾದರೆ ಅದು ಕೊಡುವ ಸಂದೇಶವೂ ತಿಳಿಯುವಂತಿರುತ್ತದೆ. ಕೈ ಪಳಗಿದ ಮೇಲೆ ಕೈಂಡ್‌ಗೆ ಬನ್ನಿ. ಅದು ಒಂದೊಂದು ನೋಡನ್ನೂ ಒಂದೊಂದು ಡಾಕರ್ ಕಂಟೇನರ್ ಆಗಿ ಓಡಿಸುತ್ತದೆ, ಹಾಗಾಗಿ ಮೂರು ಯಂತ್ರಗಳ ಕ್ಲಸ್ಟರ್ ಕೂಡ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಿಲ್ಲುತ್ತದೆ. ಯಂತ್ರ ಸತ್ತರೆ ಏನಾಗುತ್ತದೆ ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕೆ3ಎಸ್ ನಿಜವಾದ ಕುಬರ್ನೆಟಿಸ್‌ನ ಹಗುರ ರೂಪ, ಇಡೀ ಸರಕು 100 ಎಂಬಿಯೊಳಗಿನ ಒಂದೇ ಕಡತ. ಒಂಟಿ ಸರ್ವರ್ ಇದ್ದಾಗ ಅದು ಎಟಿಸಿಡಿ ಬದಲು ಎಸ್‌ಕ್ಯೂಲೈಟ್ ಬಳಸುತ್ತದೆ, ಬಡ ಯಂತ್ರದಲ್ಲೂ ಉಸಿರಾಡುತ್ತದೆ.

ಮೂರರಲ್ಲೂ ಕ್ಲಸ್ಟರ್ ಜೊತೆ ಮಾತಾಡುವ ಕಮಾಂಡ್ ಕ್ಯೂಬ್‌ಸಿಟಿಎಲ್ ಅದೇ, ಯಾಮಲ್ ಅದೇ. ಯಾವುದನ್ನು ಹಿಡಿದರೂ ಕಲಿತದ್ದು ವ್ಯರ್ಥವಾಗುವುದಿಲ್ಲ.

ವಿಂಡೋಸ್‌ದಾಗ ಹ್ಯಾಂಗ ಹಾಕ್ಬೇಕ್ರಿ? ಮೊದ್ಲಿಂದ ಹೇಳ್ರಿ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಕೆಳಗೆ "ವರ್ಚುವಲೈಸೇಶನ್: ಎನೇಬಲ್ಡ್" ಎಂದಿರಬೇಕು. ಡಿಸೇಬಲ್ಡ್ ಎಂದಿದ್ದರೆ ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ ಬಯಾಸ್‌ಗೆ ಹೋಗಿ ಅದನ್ನು ಆನ್ ಮಾಡಿ. ಇಂಟೆಲ್ ಪ್ರೊಸೆಸರ್ ಇದ್ದರೆ ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೂ, ಎಎಂಡಿ ಇದ್ದರೆ ಎಸ್‌ವಿಎಂ ಎಂದೂ ಇರುತ್ತದೆ. ನನ್ನ ಬಳಿ ಬರುವ "ಇನ್‌ಸ್ಟಾಲ್ ಆಗ್ತಿಲ್ಲ" ಫೋನ್‌ಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಆಮೇಲೆ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಲು "ಡಬ್ಲ್ಯೂಎಸ್‌ಎಲ್ --ಇನ್‌ಸ್ಟಾಲ್" ಹೊಡೆದು, ಯಂತ್ರ ರೀಸ್ಟಾರ್ಟ್ ಮಾಡಿ. ವಿಂಡೋಸ್ 11 ಇರಲಿ, ವಿಂಡೋಸ್ 10ರ 2004ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದಿರಲಿ, ಒಳಗೆ ಉಬುಂಟು ಎಂಬ ಲಿನಕ್ಸ್ ಬಂದು ಕೂಡುತ್ತದೆ. ಅದರಲ್ಲಿ ಡಾಕರ್ ಹಾಕಿ, ನಿಮ್ಮ ಬಳಕೆದಾರ ಹೆಸರನ್ನು ಡಾಕರ್ ಗುಂಪಿಗೆ ಸೇರಿಸಿ, ಒಮ್ಮೆ ಹೊರಗೆ ಹೋಗಿ ಒಳಗೆ ಬನ್ನಿ. ಸೇರಿಸದೆ ಎಲ್ಲಕ್ಕೂ ಸುಡೋ (ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನಾಗಿ ಓಡಿಸು ಎಂಬ ಪದ) ಹಚ್ಚಿದರೆ ಮಿನಿಕ್ಯೂಬ್ ಒಪ್ಪುವುದಿಲ್ಲ, ಡಾಕರ್ ಡ್ರೈವರನ್ನು ರೂಟ್ ಆಗಿ ಓಡಿಸಬೇಡ ಎನ್ನುತ್ತದೆ. ಡಾಕರ್ ಡೆಸ್ಕ್‌ಟಾಪ್ ಬಳಸಿದರೂ ನಡೆದೀತು. ವಿದ್ಯಾರ್ಥಿಗಳಿಗೆ, ಸ್ವಂತ ಬಳಕೆಗೆ ಅದು ಉಚಿತ. 250ಕ್ಕಿಂತ ಹೆಚ್ಚು ನೌಕರರಿರುವ ಇಲ್ಲವೇ ವರ್ಷಕ್ಕೆ 1 ಕೋಟಿ ಡಾಲರ್ ಮೀರಿದ ಆದಾಯವಿರುವ ಕಂಪನಿಗಳು ಹಣ ಕೊಡಬೇಕು. 8 ಜಿಬಿ ಯಂತ್ರದಲ್ಲಿ ನಾನು ಉಬುಂಟು ಒಳಗಿನ ಡಾಕರನ್ನೇ ಮೆಚ್ಚುತ್ತೇನೆ.

ಕೊನೆಗೆ ಕ್ಯೂಬ್‌ಸಿಟಿಎಲ್ ಮತ್ತು ಮಿನಿಕ್ಯೂಬ್ ಇಳಿಸಿಕೊಂಡು:

ಮಿನಿಕ್ಯೂಬ್ ಸ್ಟಾರ್ಟ್ --ಡ್ರೈವರ್=ಡಾಕರ್ --ಮೆಮೊರಿ=2500 --ಸಿಪಿಯುಸ್=2

ಡಬ್ಲ್ಯೂಎಸ್‌ಎಲ್ ತಾನಾಗಿ ಯಂತ್ರದ ಅರ್ಧ ಮೆಮೊರಿಯವರೆಗೆ ಹಿಡಿಯಬಲ್ಲದು. ಸಾಲದಿದ್ದರೆ ನಿಮ್ಮ ವಿಂಡೋಸ್ ಯೂಸರ್ ಫೋಲ್ಡರ್‌ನಲ್ಲಿ "ಡಾಟ್ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್" ಎಂಬ ಕಡತ ಮಾಡಿ ಮಿತಿ ಬರೆಯಬಹುದು, 8 ಜಿಬಿ ಯಂತ್ರಕ್ಕೆ 5 ಜಿಬಿ ಸಾಕು. ನಿಮ್ಮ ಪ್ರಾಜೆಕ್ಟ್ ಕಡತಗಳನ್ನು ಸಿ ಡ್ರೈವ್‌ನಲ್ಲಿಡದೆ ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಎರಡರ ನಡುವೆ ಓದು ಬರಹ ತುಂಬ ನಿಧಾನ.

ಮೊಬೈಲ್ ಡೇಟಾದಾಗೇ ಮಾಡ್ಬೇಕ್ರಿ. ಎಷ್ಟು ಹೋಗ್ತದ?

ಮೊದಲ ಸಲಕ್ಕೆ ಒಂದೂವರೆ ಎರಡು ಜಿಬಿ ಇಟ್ಟುಕೊಂಡು ಕೂಡಿ. ದಿನದ ಡೇಟಾ ಅರ್ಧಕ್ಕೆ ಮುಗಿದು ಮಿನಿಕ್ಯೂಬ್ ನಡುದಾರಿಯಲ್ಲಿ ನಿಂತರೆ ಅಂದಿನ ಉತ್ಸಾಹವೂ ಅಲ್ಲಿಗೇ ನಿಲ್ಲುತ್ತದೆ. "ಮಿನಿಕ್ಯೂಬ್ ಸ್ಟಾರ್ಟ್ --ಡೌನ್‌ಲೋಡ್-ಓನ್ಲಿ" ಎಂದರೆ ಅದು ಬರಿ ಇಳಿಸಿಟ್ಟುಕೊಳ್ಳುತ್ತದೆ. ವೈಫೈ ಇರುವ ಕಡೆ ಇಷ್ಟು ಮಾಡಿಕೊಂಡು ಬಂದು, ಕೆಲಸ ಮನೆಯಲ್ಲಿ ಮಾಡಿ.

ನಮ್ಮ ಮಹಡಿಯಲ್ಲಿ ಒಬ್ಬರೇ ಇಳಿಸುತ್ತೇವೆ, ಉಳಿದವರಿಗೆ ಪೆನ್‌ಡ್ರೈವ್. ಕೈಂಡ್‌ಗೆ ಬೇಕಾದ ದೊಡ್ಡ ಸರಕು ಒಂದೇ, "ಕೈಂಡೆಸ್ಟ್/ನೋಡ್" ಎಂಬ ಇಮೇಜ್, ಡಿಸ್ಕ್‌ನಲ್ಲಿ ಸುಮಾರು 1 ಜಿಬಿ. "ಡಾಕರ್ ಸೇವ್" ಮಾಡಿ ಒಂದು ಟಾರ್ ಕಡತವಾಗಿಸಿ ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಯಂತ್ರದಲ್ಲಿ "ಡಾಕರ್ ಲೋಡ್" ಮಾಡಿದರೆ ಮುಗಿಯಿತು. ಮುಗಿಯಿತು ಎಂದುಕೊಂಡು ನಾವೂ ಮೊದಲ ಸಂಜೆ ಖುಷಿಯಾಗಿದ್ದೆವು. "ಕೈಂಡ್ ಕ್ರಿಯೇಟ್ ಕ್ಲಸ್ಟರ್" ಹೊಡೆದರೆ ಅದು ಮತ್ತೆ ಇಂಟರ್‌ನೆಟ್‌ಗೇ ಹೋಯಿತು. ಕಾರಣ ಇಷ್ಟು: ಕೈಂಡ್ ತನ್ನ ಇಮೇಜನ್ನು ಹೆಸರಿನ ಜೊತೆ ಡೈಜೆಸ್ಟ್ ಎಂಬ ಉದ್ದನೆಯ ಗುರುತನ್ನೂ ಸೇರಿಸಿ ಹುಡುಕುತ್ತದೆ. ಸೇವ್ ಮಾಡಿ ಲೋಡ್ ಮಾಡುವಾಗ ಆ ಗುರುತು ಉಳಿದಿರುವುದಿಲ್ಲ. "--ಇಮೇಜ್" ಎಂದು ಬರೆದು ಬರಿ ಹೆಸರು ಮತ್ತು ಆವೃತ್ತಿ ಕೊಡಿ, ಪೆನ್‌ಡ್ರೈವ್‌ನದನ್ನೇ ತೆಗೆದುಕೊಳ್ಳುತ್ತದೆ.

ಹಾಸ್ಟೆಲ್‌ನಲ್ಲಿ ಎಲ್ಲರೂ ಒಂದೇ ವೈಫೈ ಬಳಸುವಾಗ "ಟೂ ಮೆನಿ ರಿಕ್ವೆಸ್ಟ್ಸ್" ಎಂದು ಬಂದರೆ ಗಾಬರಿ ಬೇಡ. ಲಾಗಿನ್ ಆಗದವರ ಡೌನ್‌ಲೋಡನ್ನು ಇಮೇಜ್‌ಗಳ ಸಾರ್ವಜನಿಕ ಭಂಡಾರವಾದ ಡಾಕರ್ ಹಬ್ ಐಪಿ ವಿಳಾಸದ ಲೆಕ್ಕದಲ್ಲಿ ಎಣಿಸುತ್ತದೆ, ಇಡೀ ಹಾಸ್ಟೆಲ್ ಅದರ ಕಣ್ಣಿಗೆ ಒಬ್ಬರೇ. ಉಚಿತ ಖಾತೆ ತೆರೆದು "ಡಾಕರ್ ಲಾಗಿನ್" ಮಾಡಿಕೊಳ್ಳಿ.

ಕ್ಲಸ್ಟರ್ ಎದ್ದದ. ಈಗ ಏನ್ ಮಾಡ್ಲಿ?

ಎರಡು ಟರ್ಮಿನಲ್ ಪಕ್ಕಪಕ್ಕ ತೆರೆಯಿರಿ. ಎಡಗಡೆ:

ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್ -ಡಬ್ಲ್ಯೂ

ಅದು ಹಾಗೇ ನೋಡುತ್ತ ಕೂಡುತ್ತದೆ. ಬಲಗಡೆ:

ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಡಿಪ್ಲಾಯ್‌ಮೆಂಟ್ ಅಂಗಡಿ --ಇಮೇಜ್=ಎನ್‌ಜಿನ್‌ಎಕ್ಸ್:ಆಲ್ಪೈನ್ --ರೆಪ್ಲಿಕಾಸ್=3

ಡಿಪ್ಲಾಯ್‌ಮೆಂಟ್ ಎಂದರೆ ಇಷ್ಟು ಪಾಡ್ ಸದಾ ಇರಲಿ ಎಂಬ ಬೇಡಿಕೆ, ಎನ್‌ಜಿನ್‌ಎಕ್ಸ್ ಒಂದು ವೆಬ್ ಸರ್ವರ್. ಎಡಗಡೆ ಮೂರು ಪಾಡ್ ಹೆಸರು ಮೂಡುತ್ತವೆ, ಒಂದೊಂದರ ಸ್ಥಿತಿಯೂ ಬದಲಾಗುತ್ತ ಹೋಗುತ್ತದೆ: ಪೆಂಡಿಂಗ್, ಕಂಟೇನರ್ ಕ್ರಿಯೇಟಿಂಗ್, ರನ್ನಿಂಗ್. ಈಗ ಅವುಗಳಲ್ಲಿ ಒಂದರ ಹೆಸರು ಹಿಡಿದು ಬಲಗಡೆ "ಕ್ಯೂಬ್‌ಸಿಟಿಎಲ್ ಡಿಲೀಟ್ ಪಾಡ್" ಮಾಡಿ. ಅದು "ಟರ್ಮಿನೇಟಿಂಗ್" ಎಂದು ತೋರಿಸುತ್ತಿರುವಾಗಲೇ ನಾಲ್ಕನೆಯ ಹೊಸ ಹೆಸರು ಎದ್ದು ನಿಲ್ಲುತ್ತದೆ. ಜೇವರ್ಗಿಯಿಂದ ಬರುವ ಒಬ್ಬ ಹುಡುಗಿ ಇದನ್ನು ಮೊದಲ ಸಲ ನೋಡಿದಾಗ ಸಾಲಾಗಿ ಒಂಬತ್ತು ಪಾಡ್ ಅಳಿಸಿದಳು, ಒಂಬತ್ತೂ ಸಲ ಬದಲಿ ಬಂತು. "ಇದು ಬಿಡಂಗಿಲ್ಲಲ್ರಿ ಅಣ್ಣಾ" ಅಂದಳು. ಆ ಸಂಜೆ ನಾನು ಬೇರೆ ಏನೂ ಹೇಳಿಕೊಡಲಿಲ್ಲ, ಬೇಕಾಗಿರಲೂ ಇಲ್ಲ.

ಮರುದಿನ "ಸ್ಕೇಲ್" ಮಾಡಿ ಐದಕ್ಕೆ ಏರಿಸಿ, ಒಂದಕ್ಕೆ ಇಳಿಸಿ. ಇಮೇಜ್ ಹೆಸರನ್ನು ಬೇಕೆಂದೇ ತಪ್ಪಾಗಿ ಬದಲಿಸಿ, ಹಳೆಯ ಪಾಡ್‌ಗಳು ಹೊಸದು ಸರಿಯಾಗಿ ಏಳುವ ತನಕ ಹೇಗೆ ನಿಂತೇ ಇರುತ್ತವೆ ನೋಡಿ. ಆಮೇಲೆ "ರೋಲ್‌ಔಟ್ ಅಂಡು" ಮಾಡಿ ಹಿಂದಿನ ಆವೃತ್ತಿಗೆ ಮರಳಿ. ಈ ಕ್ಲಸ್ಟರ್ ನಿಮ್ಮದು, ಇದನ್ನು ಕೆಡಿಸಿದರೆ ಯಾವ ಗ್ರಾಹಕನಿಗೂ ನಷ್ಟವಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಸ್ವಾತಂತ್ರ್ಯ ಸಿಗುವುದಿಲ್ಲ.

ನನ್ ಸ್ವಂತ ಇಮೇಜ್ ಕಟ್ಟೀನಿ. ಡಾಕರ್‌ದಾಗ ಓಡ್ತದ, ಇಲ್ಲಿ "ಇಮೇಜ್ ಪುಲ್ ಬ್ಯಾಕ್ಆಫ್" ಅಂತದ. ಯಾಕ್ರಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಒಬ್ಬ ಹುಡುಗ ತೊಗರಿ ಧಾರಣೆ ತೋರಿಸುವ ಸಣ್ಣ ಪೈಥಾನ್ ಪುಟ ಮಾಡಿದ್ದ. "ಡಾಕರ್ ಬಿಲ್ಡ್" ಮಾಡಿ "ತೊಗರಿ:ಲೇಟೆಸ್ಟ್" ಎಂದು ಹೆಸರಿಟ್ಟ. "ಡಾಕರ್ ರನ್"ನಲ್ಲಿ ಚೆಂದ ಓಡಿತು. ಕ್ಲಸ್ಟರ್‌ಗೆ ಹಾಕಿದರೆ ಒಂದೇ ಸಮ ಬ್ಯಾಕ್ಆಫ್, ಅಂದರೆ ಇಮೇಜ್ ತರಲಾಗದೆ ಕಾಯುತ್ತಿದೆ. ಇಮೇಜ್ ಕೆಟ್ಟಿದೆ ಎಂದುಕೊಂಡು ನಾಲ್ಕು ಸಲ ಮತ್ತೆ ಕಟ್ಟಿದ.

"ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್" ಹೊಡೆದು ಕೆಳಗಿನ ಈವೆಂಟ್ಸ್ ಓದಿದರೆ ಎಲ್ಲ ಸ್ಪಷ್ಟ. ಅಲ್ಲಿ "ಡಾಕರ್ ಡಾಟ್ ಐಒ/ಲೈಬ್ರರಿ/ತೊಗರಿ" ಸಿಗಲಿಲ್ಲ ಎಂದಿತ್ತು. ಅಂದರೆ ಕ್ಲಸ್ಟರ್ ಅವನ ಲ್ಯಾಪ್‌ಟಾಪ್ ಬಿಟ್ಟು ಡಾಕರ್ ಹಬ್‌ನಲ್ಲಿ ತೊಗರಿ ಹುಡುಕುತ್ತಿತ್ತು. ಕಾರಣ ಎರಡು. ಮೊದಲನೆಯದು, ಕೈಂಡ್‌ನ ನೋಡ್ ತಾನೇ ಒಂದು ಕಂಟೇನರ್, ಅದರ ಇಮೇಜ್ ಭಂಡಾರ ಬೇರೆ. ನಿಮ್ಮ ಡಾಕರ್‌ನಲ್ಲಿ ಇದ್ದದ್ದು ಅದಕ್ಕೆ ಕಾಣುವುದಿಲ್ಲ. ಎರಡನೆಯದು, ಟ್ಯಾಗ್ (ಹೆಸರಿನಲ್ಲಿ ಕೋಲನ್ ನಂತರದ ಗುರುತು) "ಲೇಟೆಸ್ಟ್" ಇದ್ದರೆ ಕುಬರ್ನೆಟಿಸ್ ಪ್ರತಿ ಸಲವೂ ಹೊರಗಿನಿಂದಲೇ ತರಲು ಹೋಗುತ್ತದೆ. ಬೇರೆ ಟ್ಯಾಗ್ ಇದ್ದರೆ, ಒಳಗೆ ಇಲ್ಲದಿದ್ದಾಗ ಮಾತ್ರ ಹೊರಗೆ ಹೋಗುತ್ತದೆ.

ಆದ್ದರಿಂದ "ತೊಗರಿ:1" ಎಂದು ಹೆಸರಿಡಿ. "ಕೈಂಡ್ ಲೋಡ್ ಡಾಕರ್-ಇಮೇಜ್ ತೊಗರಿ:1" ಮಾಡಿ, ಮಿನಿಕ್ಯೂಬ್ ಆದರೆ "ಮಿನಿಕ್ಯೂಬ್ ಇಮೇಜ್ ಲೋಡ್ ತೊಗರಿ:1". ಕೋಡ್ ಬದಲಾಯಿಸಿದರೆ ಟ್ಯಾಗನ್ನೂ 2, 3 ಎಂದು ಏರಿಸುತ್ತ ಹೋಗಿ. ಈ ಅಭ್ಯಾಸ ಮುಂದೆ ಕೆಲಸದಲ್ಲೂ ಕಾಯುತ್ತದೆ.

"ಕ್ರ್ಯಾಶ್‌ಲೂಪ್", "ಪೆಂಡಿಂಗ್" ಬಂದ್ರ ಏನ್ ತಿಳ್ಕೋಬೇಕು?

ಕ್ರ್ಯಾಶ್‌ಲೂಪ್ ಎಂದರೆ ಕಂಟೇನರ್ ಏಳುತ್ತಿದೆ, ಬೀಳುತ್ತಿದೆ. 10 ಸೆಕೆಂಡು, 20, 40 ಹೀಗೆ ಕಾಯುವ ಹೊತ್ತು ದುಪ್ಪಟ್ಟಾಗುತ್ತ 5 ನಿಮಿಷದವರೆಗೆ ಹೋಗುತ್ತದೆ. "ಕ್ಯೂಬ್‌ಸಿಟಿಎಲ್ ಲಾಗ್ಸ್ --ಪ್ರೀವಿಯಸ್" ಕೊಟ್ಟರೆ ಸತ್ತುಹೋದ ಕಂಟೇನರ್‌ನ ಕೊನೆಯ ಮಾತು ಸಿಗುತ್ತದೆ. ಬರಿ ಉಬುಂಟು ಇಮೇಜ್ ಹಾಕಿ ಕ್ರ್ಯಾಶ್‌ಲೂಪ್ ಬಂದಿದ್ದರೆ ಅದು ಕೆಟ್ಟದ್ದಲ್ಲ. ಮಾಡಲು ಕೆಲಸವಿಲ್ಲದೆ ಅದು ಮುಗಿಯಿತು, ಅಷ್ಟೆ. ನಿರ್ಗಮನ ಸಂಖ್ಯೆ 137 ಜೊತೆಗೆ "ಊಮ್ ಕಿಲ್ಡ್" ಎಂದಿದ್ದರೆ ನೀವು ಕೊಟ್ಟ ಮೆಮೊರಿ ಮಿತಿ ದಾಟಿದೆ.

ಪೆಂಡಿಂಗ್ ಇದ್ದರೆ ಶೆಡ್ಯೂಲರ್‌ಗೆ ಜಾಗ ಸಿಕ್ಕಿಲ್ಲ ಎಂದರ್ಥ. ಡಿಸ್ಕ್ರೈಬ್ ಮಾಡಿದರೆ ಯಾವುದು ಸಾಲಲಿಲ್ಲ ಎಂದು ಅದೇ ಹೇಳುತ್ತದೆ. ಇಲ್ಲೊಂದು ಅಕ್ಷರದ ಎಚ್ಚರ: ಮೆಮೊರಿಗೆ 64ರ ಮುಂದೆ ದೊಡ್ಡ ಎಂ, ಸಣ್ಣ ಐ ಬರೆಯಬೇಕು. ಸಣ್ಣ ಎಂ ಒಂದನ್ನೇ ಬರೆದರೆ ಅದು ಸಾವಿರದಲ್ಲೊಂದು ಪಾಲು ಎಂದಾಗುತ್ತದೆ, ಒಂದು ಬೈಟ್ ಕೂಡ ಆಗದಷ್ಟು ಮೆಮೊರಿ. ಸಿಪಿಯುಗೆ ಮಾತ್ರ ಸಣ್ಣ ಎಂ ಸರಿ.

ಗೆಳೆಯ ಮೆಸೇಜ್‌ದಾಗ ಯಾಮಲ್ ಕಳ್ಸ್ಯಾನ. ಅವಂಗ ನಡೀತದ, ನಂಗ ನಡಿಯಂಗಿಲ್ಲ.

ಮೆಸೇಜ್‌ನಲ್ಲಿ ಅಂಟಿಸಿದಾಗ ಸಾಲಿನ ಆರಂಭದ ಜಾಗಗಳು ಕರಗಿರುತ್ತವೆ, ನೆಟ್ಟಗಿನ ಉದ್ಧರಣ ಚಿಹ್ನೆ ಬಾಗಿರುತ್ತದೆ, ಎರಡು ಸಣ್ಣ ಗೆರೆ ಸೇರಿ ಒಂದು ಉದ್ದ ಗೆರೆಯಾಗಿರುತ್ತದೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಯಾಮಲ್‌ನಲ್ಲಿ ಯಾವುದು ಯಾವುದರ ಒಳಗಿದೆ ಎಂಬುದು ಆ ಜಾಗಗಳಿಂದಲೇ ತಿಳಿಯುವುದು, ಟ್ಯಾಬ್ ಅಲ್ಲಿ ನಡೆಯುವುದೇ ಇಲ್ಲ. ಕಡತವನ್ನು ಕಡತವಾಗಿಯೇ ಕಳಿಸಿಕೊಳ್ಳಿ. "--ಡ್ರೈ-ರನ್=ಸರ್ವರ್" ಹಚ್ಚಿ "ಅಪ್ಲೈ" (ಯಾಮಲನ್ನು ಕ್ಲಸ್ಟರ್‌ಗೆ ಕೊಡುವ ಕಮಾಂಡ್) ಮಾಡಿದರೆ ಏನೂ ಬದಲಾಗದೆ ತಪ್ಪು ಮಾತ್ರ ಕಾಣುತ್ತದೆ.

ನನ್ನ ಸಲಹೆ ಇನ್ನೂ ಸ್ವಲ್ಪ ಕಟ್ಟುನಿಟ್ಟು: ಮೊದಲ ತಿಂಗಳು ಯಾಮಲನ್ನು ಕೈಯಾರೆ ಹೊಡೆಯಿರಿ.

ಯಾಮಲ್‌ದಾಗ ಕನ್ನಡ ಬರೀಬಹುದಾ?

ಈ ಪ್ರಶ್ನೆ ಕೇಳಿದ ಹುಡುಗನನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಬರೆಯಬಹುದು, ಆದರೆ ಎಲ್ಲೆಡೆ ಅಲ್ಲ. ಪಾಡ್, ಡಿಪ್ಲಾಯ್‌ಮೆಂಟ್, ಸರ್ವಿಸ್ ಹೆಸರುಗಳಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ನಡುವೆ ಸಣ್ಣ ಗೆರೆ ಇಷ್ಟಕ್ಕೇ ಅವಕಾಶ. ಲೇಬಲ್‌ಗಳಲ್ಲೂ ಕನ್ನಡ ನಡೆಯದು, ಅವುಗಳಲ್ಲಿ ಬರೆಯುವ ಮೌಲ್ಯ (ವ್ಯಾಲ್ಯೂ) 63 ಅಕ್ಷರ ದಾಟುವಂತೆಯೂ ಇಲ್ಲ. ಆದರೆ ವಿವರ ಬರೆದಿಡುವ ಅನೊಟೇಶನ್‌ನಲ್ಲಿ, ಸೆಟ್ಟಿಂಗ್ ಇಡುವ ಕಾನ್ಫಿಗ್‌ಮ್ಯಾಪ್‌ನ ಒಳಗಿನ ಪಠ್ಯದಲ್ಲಿ ಧಾರಾಳವಾಗಿ ಕನ್ನಡ ಬರೆಯಿರಿ. ಕಡತ ಯುಟಿಎಫ್-8 ಆಗಿರಲಿ.

ನಾವು ಒಂದು ಕಾನ್ಫಿಗ್‌ಮ್ಯಾಪ್‌ನಲ್ಲಿ "ಶರಣು ಬನ್ನಿ" ಎಂಬ ಪುಟ ಬರೆದು ಎನ್‌ಜಿನ್‌ಎಕ್ಸ್‌ಗೆ ಸೇರಿಸಿದೆವು. ಬ್ರೌಸರ್‌ನಲ್ಲಿ ಮೊದಲು ಬರಿ ಗೊಜಲು ಅಕ್ಷರ ಬಂತು. ಎಚ್‌ಟಿಎಂಎಲ್‌ನ ತಲೆಯಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ಬರೆದ ಮೇಲೆ ಕನ್ನಡ ಬೆಳಗಿತು. ಟಿಪ್ಪಣಿಗಳನ್ನಂತೂ ಕನ್ನಡದಲ್ಲೇ ಬರೆಯಿರಿ, ಆರು ತಿಂಗಳ ಮೇಲೆ ಓದುವವರು ನೀವೇ.

ಸರ್ವಿಸ್ ಮಾಡೀನಿ, ಬ್ರೌಸರ್‌ದಾಗ ತೆರೀವಲ್ದು.

ವಿಂಡೋಸ್‌ನಲ್ಲಿ ಡಾಕರ್ ಡ್ರೈವರ್ ಬಳಸಿದಾಗ ನೋಡ್‌ನ ಐಪಿಗೆ ಹೊರಗಿನಿಂದ ನೇರ ದಾರಿ ಇರುವುದಿಲ್ಲ. ನೋಡ್‌ಪೋರ್ಟ್ (ನೋಡ್ ಮೇಲೆ ಸರ್ವಿಸ್‌ಗೆಂದು ತೆರೆದ ಬಾಗಿಲು) ಸಂಖ್ಯೆ 30000ದಿಂದ 32767ರ ನಡುವೆ ಸರಿಯಾಗೇ ಬಂದಿರುತ್ತದೆ, ಮುಟ್ಟಲು ಆಗುವುದಿಲ್ಲ ಅಷ್ಟೆ. "ಮಿನಿಕ್ಯೂಬ್ ಸರ್ವಿಸ್ ಅಂಗಡಿ --ಯುಆರ್‌ಎಲ್" ಎಂದು ಕೊಟ್ಟು ಬಂದ ವಿಳಾಸ ಬಳಸಿ, ಅಥವಾ ಎಲ್ಲ ಕಡೆ ನಡೆಯುವ "ಕ್ಯೂಬ್‌ಸಿಟಿಎಲ್ ಪೋರ್ಟ್-ಫಾರ್ವರ್ಡ್" ಬಳಸಿ. ಆ ಟರ್ಮಿನಲ್ ಮುಚ್ಚಿದರೆ ದಾರಿಯೂ ಮುಚ್ಚುತ್ತದೆ.

ಕೈಂಡ್‌ದಾಗ ಒಂದು ನೋಡ್ ನಿಲ್ಸೀನಿ. ಪಾಡ್ ಬ್ಯಾರೆ ಕಡೆ ಹೋಗ್ಲೇ ಇಲ್ಲ. ಕೆಟ್ಟದೇನು?

ಕೆಟ್ಟಿಲ್ಲ, ಸ್ವಲ್ಪ ತಾಳಿ. ಈ ಪ್ರಯೋಗವನ್ನು ಎಲ್ಲರೂ ಮಾಡಬೇಕು. ಒಂದು ಕಂಟ್ರೋಲ್ ಪ್ಲೇನ್ (ಆಡಳಿತ ನಡೆಸುವ ನೋಡ್), ಎರಡು ವರ್ಕರ್ (ಪಾಡ್ ಓಡಿಸುವ ನೋಡ್) ಇರುವ ಕೈಂಡ್ ಕ್ಲಸ್ಟರ್ ಎಬ್ಬಿಸಿ, ನಾಲ್ಕು ಪಾಡ್ ಹಾಕಿ, "ಗೆಟ್ ಪಾಡ್ಸ್ -ಓ ವೈಡ್" ಕೊಟ್ಟು ಯಾವುದು ಎಲ್ಲಿದೆ ನೋಡಿಕೊಳ್ಳಿ. ಆಮೇಲೆ "ಡಾಕರ್ ಸ್ಟಾಪ್ ಕೈಂಡ್-ವರ್ಕರ್2". ಒಂದು ಯಂತ್ರದ ಕರೆಂಟ್ ಕಿತ್ತಂತೆ ಇದು.

ಮೊದಲ ಅರ್ಧ ಮುಕ್ಕಾಲು ನಿಮಿಷ ಕ್ಲಸ್ಟರ್‌ಗೆ ಗೊತ್ತೇ ಆಗುವುದಿಲ್ಲ. ನೋಡ್ ರೆಡಿ ಎಂದೇ ಇರುತ್ತದೆ. ಆಮೇಲೆ "ನಾಟ್ ರೆಡಿ" ಆಗುತ್ತದೆ. ಪಾಡ್‌ಗಳು ಆಗಲೂ ಕದಲುವುದಿಲ್ಲ, ಇಲ್ಲೇ ಎಲ್ಲರೂ ಕೆಟ್ಟಿತು ಎಂದು ಎದ್ದುಬಿಡುತ್ತಾರೆ. ಪ್ರತಿ ಪಾಡ್‌ಗೂ ತಾನಾಗಿ 300 ಸೆಕೆಂಡಿನ ಸೈರಣೆ ಬರೆದಿರುತ್ತದೆ: ಯಂತ್ರ ಕಾಣದಾದರೂ 5 ನಿಮಿಷ ಕಾಯಿ ಎಂದು. ಸ್ವಲ್ಪ ಹೊತ್ತು ನೆಟ್‌ವರ್ಕ್ ಹೋದ ಮಾತ್ರಕ್ಕೆ ನೂರಾರು ಪಾಡ್ ಎತ್ತಿ ಬೇರೆಡೆ ಎಸೆದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. 5 ನಿಮಿಷ ಕಳೆದ ಮೇಲೆ ಉಳಿದ ವರ್ಕರ್‌ನಲ್ಲಿ ಹೊಸ ಪಾಡ್ ಏಳುತ್ತವೆ. ಹಳೆಯವು "ಟರ್ಮಿನೇಟಿಂಗ್" ಎಂದೇ ಉಳಿಯುತ್ತವೆ, ಏಕೆಂದರೆ ಸತ್ತ ಯಂತ್ರ "ಮುಗಿಸಿದೆ" ಎಂದು ವರದಿ ಕೊಡಲು ಆಗದು. "ಡಾಕರ್ ಸ್ಟಾರ್ಟ್" ಮಾಡಿದರೆ ಅವೂ ಮಾಯ.

ಈ ಪ್ರಯೋಗಕ್ಕೆ ಕೂಡುವ ಮೊದಲು ಚಹಾ ಇಡಿ. ಕುದಿದು ಸೋಸುವ ಹೊತ್ತಿಗೆ ಪಾಡ್ ಎದ್ದಿರುತ್ತವೆ.

ಬ್ಯಾಸಗ್ಯಾಗ ಲ್ಯಾಪ್‌ಟಾಪ್ ಕಾದು ನಿಂತೇ ಬಿಡ್ತದ. ಕರೆಂಟ್ ಬ್ಯಾರೆ ಹೋಗ್ತದ.

ನಮ್ಮ ಊರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಪ್ರೊಸೆಸರ್ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕ್ಲಸ್ಟರ್ ಏಳುವುದು ಎರಡು ನಿಮಿಷದ ಬದಲು ಆರು ನಿಮಿಷ ಆಗುತ್ತದೆ. ಹಾಸಿಗೆಯ ಮೇಲೆ ಇಡಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ನಸುಕಿನಲ್ಲಿ ಕಲಿಯಿರಿ. ಕೆಲಸ ಮುಗಿದೊಡನೆ "ಮಿನಿಕ್ಯೂಬ್ ಸ್ಟಾಪ್" ಮಾಡಿ. ಖಾಲಿ ಕ್ಲಸ್ಟರ್ ಕೂಡ ಸುಮ್ಮನಿರುವುದಿಲ್ಲ, ಎಣಿಸುತ್ತಲೇ ಇರುತ್ತದೆ.

ಕರೆಂಟ್ ಹೋಗಿ ಯಂತ್ರ ಆರಿದರೆ ಮತ್ತೆ "ಮಿನಿಕ್ಯೂಬ್ ಸ್ಟಾರ್ಟ್" ಹೊಡೆಯಿರಿ, ಬಹುತೇಕ ಎಲ್ಲ ಇದ್ದಲ್ಲೇ ಏಳುತ್ತದೆ. ಏಳದಿದ್ದರೆ ರಿಪೇರಿಗೆ ಕೂಡಬೇಡಿ. "ಮಿನಿಕ್ಯೂಬ್ ಡಿಲೀಟ್", ಮತ್ತೆ ಸ್ಟಾರ್ಟ್, ಮತ್ತೆ "ಅಪ್ಲೈ". ಇದಕ್ಕೆ ಒಂದೇ ಷರತ್ತು, ನಿಮ್ಮ ಎಲ್ಲ ಯಾಮಲ್ ಒಂದು ಫೋಲ್ಡರ್‌ನಲ್ಲಿ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇರಬೇಕು. ನಾನು ಹುಡುಗರಿಗೆ ವಾರಕ್ಕೊಮ್ಮೆ ಕ್ಲಸ್ಟರ್ ಅಳಿಸಿಸುತ್ತೇನೆ. ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತೆ ನಿಲ್ಲಿಸಿದವರಿಗೆ ಮಾತ್ರ ಮುಂದಿನ ಪಾಠ.

ನಮ್ ಕಾಲೇಜ್ ಲ್ಯಾಬ್‌ದಾಗ 4 ಜಿಬಿ ಹಳೇ ಕಂಪ್ಯೂಟರ್ ಸುಮ್ನ ಬಿದ್ದಾವ. ಕೂಡ್ಸಬಹುದಾ?

ಕೂಡಿಸಿ, ಅದಕ್ಕಿಂತ ಒಳ್ಳೆಯ ಲ್ಯಾಬ್ ಇಲ್ಲ. ಲಿನಕ್ಸ್ ಹಾಕಿ, ಒಂದರಲ್ಲಿ ಕೆ3ಎಸ್ ಸರ್ವರ್, ಉಳಿದವುಗಳಲ್ಲಿ ಏಜೆಂಟ್ (ಸರ್ವರ್ ಹೇಳಿದ ಪಾಡ್ ಓಡಿಸುವ ಭಾಗ). ಏಜೆಂಟ್‌ಗೆ ಬೇಕಾದದ್ದು ಎರಡೇ: ಸರ್ವರ್‌ನ ವಿಳಾಸ, ಅದರ 6443ನೇ ಪೋರ್ಟ್ ಸಹಿತ, ಮತ್ತು ಸರ್ವರ್‌ನಲ್ಲಿರುವ ನೋಡ್-ಟೋಕನ್ ಎಂಬ ಗುಪ್ತಪದ. ಯಂತ್ರಗಳ ನಡುವೆ ಯುಡಿಪಿ 8472ನೇ ಪೋರ್ಟ್ ತೆರೆದಿರಲಿ, ಪಾಡ್‌ಗಳು ಮಾತಾಡುವುದು ಅದರ ಮೂಲಕ.

ಇಂಥ ಒಂದು ಲ್ಯಾಬ್‌ನಲ್ಲಿ ನಾವು ಒಂದು ಇಡೀ ಭಾನುವಾರ ಕಳೆದೆವು. ಐದು ಯಂತ್ರ ಸೇರಿಸಿದರೂ "ಗೆಟ್ ನೋಡ್ಸ್"ನಲ್ಲಿ ಎರಡೇ. ಎಲ್ಲವನ್ನೂ ಒಂದೇ ಡಿಸ್ಕ್‌ನಿಂದ ನಕಲು ಮಾಡಿದ್ದರಿಂದ ನಾಲ್ಕರ ಹೋಸ್ಟ್‌ನೇಮ್ ಒಂದೇ ಆಗಿತ್ತು. ಹೆಸರು ಬದಲಿಸಿದೆವು. ಆಮೇಲೂ ಒಂದು ಯಂತ್ರ ಸೇರಲಿಲ್ಲ, ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತಿತ್ತು. ಒಬ್ಬ ಹುಡುಗಿ ಪರದೆಯ ಮೂಲೆಯ ದಿನಾಂಕ ತೋರಿಸಿದಳು. ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಸತ್ತು ಯಂತ್ರ ಎಷ್ಟೋ ವರ್ಷ ಹಿಂದೆ ಇತ್ತು. ಬ್ಯಾಟರಿ ಬದಲಿಸಿ ಗಡಿಯಾರ ಸರಿ ಮಾಡಿದ ಕೂಡಲೇ ಐದೂ ರೆಡಿ.

ಕುಬರ್ನೆಟಿಸ್‌ನವ್ರು ಡಾಕರ್ ತಗದಾರಂತ. ಮತ್ತ ಡಾಕರ್ ಯಾಕ ಕಲೀಬೇಕು?

2022ರಲ್ಲಿ ಬಂದ ಕುಬರ್ನೆಟಿಸ್ 1.24ರಲ್ಲಿ ತೆಗೆದದ್ದು ಡಾಕರ್‌ಶಿಮ್ ಎಂಬ ಕೊಂಡಿ ಮಾತ್ರ. ಈಗ ನೋಡ್‌ಗಳಲ್ಲಿ ಹೆಚ್ಚಾಗಿ, ಕಂಟೇನರ್ ಓಡಿಸುವ ಇನ್ನೊಂದು ತಂತ್ರಾಂಶವಾದ ಕಂಟೇನರ್‌ಡಿ ಓಡುತ್ತದೆ. ಡಾಕರ್‌ನಲ್ಲಿ ಕಟ್ಟಿದ ಇಮೇಜ್ ಅದರಲ್ಲಿ ಹಾಗೇ ಓಡುತ್ತದೆ. ಕಲಿಯಿರಿ.

ಸಿಕೆಎ ಪರೀಕ್ಷೆಗೆ ಲ್ಯಾಪ್‌ಟಾಪ್ ಕ್ಲಸ್ಟರ್ ಸಾಕಾ?

ಅಭ್ಯಾಸಕ್ಕೆ ಬಹುಪಾಲು ಸಾಕು. ಸಿಕೆಎ ಎಂದರೆ ಕುಬರ್ನೆಟಿಸ್ ನಿರ್ವಾಹಕರ ಪ್ರಮಾಣಪತ್ರ. ಅದು 2 ಗಂಟೆಯ ಪರೀಕ್ಷೆ, ಬಾಯಿಪಾಠ ಕೇಳುವುದಿಲ್ಲ, ಟರ್ಮಿನಲ್‌ನಲ್ಲಿ ಕೆಲಸ ಮಾಡಿ ತೋರಿಸಬೇಕು, ಉತ್ತೀರ್ಣಕ್ಕೆ ಶೇ. 66. ಕ್ಯೂಬ್‌ಅಡ್ಮಿನ್ ಎಂಬ ಸಾಧನದಿಂದ ಕ್ಲಸ್ಟರ್ ಕಟ್ಟುವ ಭಾಗಕ್ಕೆ ಮಾತ್ರ ತಲಾ 2 ಜಿಬಿ, 2 ಸಿಪಿಯು ಇರುವ ವರ್ಚುವಲ್ ಯಂತ್ರಗಳು ಬೇಕು. ಶುಲ್ಕ ಕಡಿಮೆಯೇನಲ್ಲ, ಕೈ ಪಳಗದೆ ಕಟ್ಟಬೇಡಿ.

ಎಲ್ಲಾ ಅಳಿಸೀನಿ, ಆದ್ರ ಸಿ ಡ್ರೈವ್‌ದಾಗ ಜಾಗ ವಾಪಸ್ ಬಂದಿಲ್ಲ.

ಉಬುಂಟು ಒಳಗೆ "ಡಾಕರ್ ಸಿಸ್ಟಮ್ ಪ್ರೂನ್ -ಎ" ಮಾಡಿದರೆ ಬಳಸದ ಇಮೇಜ್‌ಗಳು ಹೋಗುತ್ತವೆ. ಪೆನ್‌ಡ್ರೈವ್‌ನಿಂದ ಹಾಕಿಕೊಂಡವೂ ಹೋಗುತ್ತವೆ, ಟಾರ್ ಕಡತ ಇಟ್ಟುಕೊಂಡಿರಿ. ಇಷ್ಟಾದರೂ ಡಬ್ಲ್ಯೂಎಸ್‌ಎಲ್‌ನ ಡಿಸ್ಕ್ ಎಂಬುದು ವಿಂಡೋಸ್ ಕಣ್ಣಿಗೆ ಒಂದೇ ದೊಡ್ಡ ಕಡತ. ಅದು ಉಬ್ಬಬಲ್ಲದು, ಸಾಮಾನ್ಯವಾಗಿ ತಾನಾಗಿ ಕುಗ್ಗುವುದಿಲ್ಲ. "ಡಬ್ಲ್ಯೂಎಸ್‌ಎಲ್ --ಶಟ್‌ಡೌನ್" ಹೊಡೆದು, ವಿಂಡೋಸ್‌ನ ಡಿಸ್ಕ್‌ಪಾರ್ಟ್ ತೆರೆದು, ಆ ಕಡತ ಆಯ್ದು "ಕಾಂಪ್ಯಾಕ್ಟ್ ವಿಡಿಸ್ಕ್" ಕೊಡಿ. ಕಳೆದ ವಾರ ಶಹಾಪುರದ ಒಬ್ಬ ತಮ್ಮ ಇದನ್ನು ಫೋನಿನಲ್ಲೇ ಕೇಳಿಕೊಂಡು ಮಾಡಿದ. 19 ಜಿಬಿ ವಾಪಸ್ ಬಂತು, ಅದೇ ರಾತ್ರಿ ಮೂರು ನೋಡ್‌ಗಳ ಕ್ಲಸ್ಟರ್ ಎಬ್ಬಿಸಿ ಪರದೆಯ ಫೋಟೋ ಕಳಿಸಿದ.